ಅಮೆರಿಕದ ‘ಅರ್ಬಾನಾ’ ಸಮಾವೇಶಕ್ಕೂ ಮಿರಜ್ ದವಾಖಾನೆಗೂ ಏನು ನಂಟು?

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ಕಡೆ ಮನೆಯಲ್ಲಿ ಯಾರಿಗಾದರೂ ದೊಡ್ಡ ಬ್ಯಾನಿ ಬಂತು ಅಂದ್ರೆ ಹಿರಿಯರ ಬಾಯಲ್ಲಿ ಮೊದಲು ಬರೋ ಮಾತು, ‘ಮಿರಜ್‌ಗೆ ಕರ್ಕೊಂಡು ಹೋಗ್ರಿ’. ಇವತ್ತು ಅಲ್ಲಿ ಬೀದಿಗೊಂದು ಖಾಸಗಿ ಆಸ್ಪತ್ರೆ ಇದೆ. ಆದ್ರೆ ಮಿರಜ್ ಇಂಥ ದವಾಖಾನೆಗಳ ಊರಾಗಿದ್ದು ಒಂದು ಮಿಷನ್ ದವಾಖಾನೆಯಿಂದ. ಅದನ್ನು ಕಟ್ಟಿದ ಡಾಕ್ಟರ್ ನಮ್ಮ ಕಡೆ ಬಂದಿದ್ದು, ಅಮೆರಿಕದ ಕಾಲೇಜು ಹುಡುಗರಲ್ಲಿ ‘ಮಿಷನ್ ಕೆಲಸಕ್ಕೆ ಹೊರದೇಶಕ್ಕೆ ಹೋಗಬೇಕು’ ಅನ್ನೋ ಅಲೆ ಎದ್ದಿದ್ದ ದಿನಗಳಲ್ಲಿ.

ಆ ಅಲೆ ಅಮೆರಿಕದಲ್ಲಿ ಇವತ್ತಿಗೂ ನಿಂತಿಲ್ಲ. ‘ಅರ್ಬಾನಾ’ ಅನ್ನೋ ಹೆಸರಿನ ಕ್ರೈಸ್ತ ವಿದ್ಯಾರ್ಥಿ ಮಿಷನ್ ಸಮಾವೇಶ ಹೆಚ್ಚುಕಡಿಮೆ ಮೂರು ವರ್ಷಕ್ಕೊಮ್ಮೆ ಡಿಸೆಂಬರ್ ಕೊನೆಯ ವಾರ ನಡೆಯುತ್ತದೆ. 2015ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸುಮಾರು 16 ಸಾವಿರ ಜನ ಸೇರಿದ್ದರು. ಕೋವಿಡ್ ಕಾರಣಕ್ಕೆ ಒಂದು ವರ್ಷ ಮುಂದಕ್ಕೆ ಹೋಗಿ 2022ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ನಡೆದಾಗ ಬಂದವರು ಸುಮಾರು 6 ಸಾವಿರ. ಏಳು ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆ.

ಅಮೆರಿಕದ ಸಮಾವೇಶಕ್ಕೆ ಜನ ಕಡಿಮೆ ಬಂದರೆ ನಮಗೇನು ಅಂತ ಕೇಳಬಹುದು. ಎರಡು ಕಾರಣಕ್ಕೆ ಸಂಬಂಧ ಇದೆ. ನಮ್ಮ ಭಾಗದ ಮೂರ್ನಾಲ್ಕು ತಲೆಮಾರಿನ ಆರೋಗ್ಯದ ಕಥೆ ಅದಕ್ಕೆ ಅಂಟಿಕೊಂಡಿದೆ, ಇದು ಒಂದು. ಎರಡನೆಯದು, ‘ವಿದೇಶದಿಂದ ದಂಡು ಬರ್ತಾ ಇದೆ, ಡಾಲರ್ ಹರಿದು ಬರ್ತಾ ಇದೆ’ ಅಂತ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಓಡಾಡೋ ಸಂದೇಶಗಳು. ಅವುಗಳಲ್ಲಿ ಎಷ್ಟು ನಿಜ ಅಂತ ಅಳೆಯೋದಕ್ಕಾದರೂ ಅಲ್ಲಿ ಏನು ನಡೆಯುತ್ತದೆ ಅಂತ ತಿಳಿದಿರಬೇಕು.

ಸಮಾವೇಶದ ಒಂದು ದಿನ

ಇದನ್ನು ನಡೆಸುವುದು ಇಂಟರ್‌ವಾರ್ಸಿಟಿ ಅನ್ನೋ ಕ್ರೈಸ್ತ ವಿದ್ಯಾರ್ಥಿ ಸಂಘಟನೆ. ಮೊದಲ ಸಮಾವೇಶ 1946ರಲ್ಲಿ ಕೆನಡಾದ ಟೊರಾಂಟೊದಲ್ಲಿ ಆಯಿತು. 1948ರಿಂದ 2003ರವರೆಗೆ ಇಲಿನಾಯ್ ವಿಶ್ವವಿದ್ಯಾಲಯ ಇರುವ ಅರ್ಬಾನಾ ಊರಲ್ಲಿ ನಡೆದದ್ದರಿಂದ ಅದೇ ಹೆಸರು ನಿಂತುಬಿಟ್ಟಿತು. ಆಮೇಲೆ ಬೇರೆ ಊರುಗಳಿಗೆ ಹೋದರೂ ಹೆಸರು ಬದಲಾಗಲಿಲ್ಲ.

ಅಲ್ಲಿ ಒಂದು ದಿನ ಹೀಗೆ ಸಾಗುತ್ತದೆ. ಬೆಳಿಗ್ಗೆ ಸಣ್ಣ ಸಣ್ಣ ಗುಂಪಿನಲ್ಲಿ ಬೈಬಲ್ ಓದು. ಒಬ್ಬರು ಭಾಷಣ ಮಾಡಿ ಉಳಿದವರು ಕೇಳೋ ಪದ್ಧತಿ ಅಲ್ಲ. ಅಧ್ಯಾಯ, ವಚನದ ಸಂಖ್ಯೆ ಇಲ್ಲದ ಹಾಳೆಯ ಮೇಲೆ ಭಾಗವನ್ನು ಅಚ್ಚು ಹಾಕಿ ಕೊಡ್ತಾರೆ. ಹುಡುಗರು ಬಣ್ಣದ ಪೆನ್ ಹಿಡಿದು ಗೆರೆ ಎಳೆದು, ಪ್ರಶ್ನೆ ಬರೆದು, ವಾದ ಮಾಡ್ತಾರೆ. ಇದು ಆ ಸಂಘಟನೆಯ ಹಳೆಯ ರೂಢಿ.

ಆಮೇಲೆ ಎಲ್ಲರೂ ದೊಡ್ಡ ಸಭಾಂಗಣದಲ್ಲಿ ಸೇರ್ತಾರೆ. ಹಾಡು ಒಂದೇ ಭಾಷೆಯಲ್ಲಿರಲ್ಲ. ಬಂದವರಲ್ಲಿ ಕೊರಿಯಾ, ಚೀನಾ ಮುಂತಾದ ಏಷ್ಯಾ ಮೂಲದ ಮನೆತನಗಳ ಮಕ್ಕಳ ಪಾಲು ದೊಡ್ಡದು. ‘ಬಿಳಿಯರ ಸಮಾವೇಶ’ ಅಂತ ನಾವು ಅಂದುಕೊಂಡರೆ ಅಲ್ಲಿಗೇ ತಪ್ಪಿತು.

ಮಧ್ಯಾಹ್ನ ಸಣ್ಣ ಗೋಷ್ಠಿಗಳು. ಬಡತನ, ನಿರಾಶ್ರಿತರು, ವೈದ್ಯಕೀಯ, ವ್ಯಾಪಾರ, ವರ್ಣಭೇದ ಹೀಗೆ ಒಂದೊಂದು ವಿಷಯ. 2012ರಲ್ಲಿ ಸೇರಿದ್ದ ಹುಡುಗರು ಆಫ್ರಿಕಾದ ಸ್ವಾಜಿಲ್ಯಾಂಡ್‌ನಲ್ಲಿ ಏಡ್ಸ್ ರೋಗಿಗಳ ಆರೈಕೆ ಮಾಡುವವರಿಗಾಗಿ ಸಾವಿರಾರು ಕಿಟ್‌ಗಳನ್ನು ಸಭಾಂಗಣದಲ್ಲೇ ಕೂತು ತುಂಬಿ ಕಳಿಸಿದ್ದರು.

ಇಡೀ ಸಮಾವೇಶದ ಜೀವ ಇರೋದು ಮಳಿಗೆಗಳ ಸಭಾಂಗಣದಲ್ಲಿ. ಧಾರವಾಡದ ಕೃಷಿ ಮೇಳ ನೋಡಿದವರು ಅದನ್ನೇ ನೆನೆಸಿಕೊಳ್ಳಿ. ಅಲ್ಲಿ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಕಂಪನಿಗಳ ಮಳಿಗೆ ಸಾಲಾಗಿ ಇರುತ್ತವಲ್ಲ, ಇಲ್ಲಿ ಮಿಷನ್ ಸಂಸ್ಥೆಗಳ ಮಳಿಗೆ. ಬೈಬಲ್ ಅನುವಾದ ಮಾಡುವವರು, ಆಸ್ಪತ್ರೆ ನಡೆಸುವವರು, ಹಳ್ಳಿಗೆ ನೀರು ಕೊಡುವವರು, ಹೊಸ ಚರ್ಚ್ ಕಟ್ಟುವವರು. ಹುಡುಗ ಬಂದು ನಿಲ್ತಾನೆ. ‘ನೀನು ಏನು ಓದ್ತಿದ್ದೀಯ? ಎಷ್ಟು ದಿನ ಬರಬಲ್ಲೆ? ಎರಡು ವಾರವೋ, ಎರಡು ವರ್ಷವೋ, ಜೀವಮಾನವೋ?’ ಅಂತ ಕೇಳಿ ಹೆಸರು, ವಿಳಾಸ ಬರೆದುಕೊಳ್ತಾರೆ. ಸರಳವಾಗಿ ಹೇಳಬೇಕೆಂದರೆ ಇದು ಪ್ರಾರ್ಥನೆಯ ಜೊತೆ ನಡೆಯುವ ಉದ್ಯೋಗ ಮೇಳ.

ರಾತ್ರಿ ಮತ್ತೆ ದೊಡ್ಡ ಸಭೆ. ಕೊನೆಗೆ ಕರೆ ಬರುತ್ತದೆ: ನಿಮ್ಮ ಬದುಕನ್ನು ಎಲ್ಲಿ ಕಳೆಯಬೇಕು ಅಂತ ತೀರ್ಮಾನ ಮಾಡಿ. ಕೆಲವರು ಎದ್ದು ನಿಲ್ತಾರೆ, ಕಾರ್ಡ್ ಬರೆದುಕೊಡ್ತಾರೆ. ಡಿಸೆಂಬರ್ 31ರ ರಾತ್ರಿ ಎಲ್ಲರೂ ಸೇರಿ ಪ್ರಭುಭೋಜನ ತಗೊಂಡು ಹೊಸ ವರ್ಷ ಬರಮಾಡಿಕೊಳ್ಳೋದು ಹಳೆಯ ವಾಡಿಕೆ.

ಒಂದು ಮಾತು ಸ್ಪಷ್ಟ ಇರಲಿ. ಸಮಾವೇಶದ ಉದ್ದೇಶ ಕ್ರೈಸ್ತ ಧರ್ಮವನ್ನು ಹರಡುವುದೇ. ಅದನ್ನು ಅವರು ಮುಚ್ಚಿಡೋದಿಲ್ಲ. ಸೇವೆ ಅದರ ಜೊತೆಗೆ ಬರುತ್ತದೆ. ಇವೆರಡನ್ನೂ ಒಟ್ಟಿಗೆ ನೋಡದೆ ಹೋದರೆ ಲೆಕ್ಕ ತಪ್ಪುತ್ತದೆ.

ಕೊಲ್ಲಾಪುರದಲ್ಲಿ ಹುಟ್ಟಿದ ಹುಡುಗ

ಈ ಅಲೆಯ ಬೇರು ಹುಡುಕುತ್ತಾ ಹೋದರೆ ನಿಪ್ಪಾಣಿಯಿಂದ ಒಂದು ತಾಸಿನ ದಾರಿಯಲ್ಲಿರುವ ಕೊಲ್ಲಾಪುರಕ್ಕೇ ಬಂದು ನಿಲ್ಲುತ್ತೇವೆ.

ರಾಯಲ್ ವೈಲ್ಡರ್ ಅನ್ನೋ ಅಮೆರಿಕನ್ ಮಿಷನರಿ 1850ರ ದಶಕದಲ್ಲಿ ಕೊಲ್ಲಾಪುರಕ್ಕೆ ಬಂದು ಕೆಲಸ ಶುರುಮಾಡಿದರು. ಅವರ ಮಗ ರಾಬರ್ಟ್ ವೈಲ್ಡರ್ 1863ರಲ್ಲಿ ಹುಟ್ಟಿದ್ದು ಕೊಲ್ಲಾಪುರದಲ್ಲೇ. ಮುಂದೆ ಈ ಹುಡುಗ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಓದಿದ.

1886ರ ಜುಲೈನಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಮೌಂಟ್ ಹರ್ಮನ್ ಅನ್ನೋ ಜಾಗದಲ್ಲಿ ಡಿ. ಎಲ್. ಮೂಡಿ ಎಂಬ ಪ್ರಖ್ಯಾತ ಬೋಧಕರು ಕಾಲೇಜು ವಿದ್ಯಾರ್ಥಿಗಳ ಶಿಬಿರ ಕರೆದಿದ್ದರು. ಸುಮಾರು ಒಂದು ತಿಂಗಳು ನಡೆದ ಶಿಬಿರಕ್ಕೆ 251 ಮಂದಿ ಬಂದಿದ್ದರು. ಅದು ಹೊರದೇಶದ ಮಿಷನ್ ಬಗ್ಗೆ ಕರೆದ ಶಿಬಿರ ಅಲ್ಲ. ಆದರೆ ವೈಲ್ಡರ್ ಮತ್ತು ಅವನ ಗೆಳೆಯರು ಒಬ್ಬೊಬ್ಬರನ್ನೇ ಮಾತಾಡಿಸುತ್ತಾ ಹೋದರು. ಶಿಬಿರ ಮುಗಿಯುವ ಹೊತ್ತಿಗೆ 100 ಹುಡುಗರು ‘ನಾವು ಹೊರದೇಶಕ್ಕೆ ಹೋಗಲು ತಯಾರು’ ಅಂತ ಹೆಸರು ಕೊಟ್ಟಿದ್ದರು.

ಆ ನೂರು ಜನರಲ್ಲಿ ಜಾನ್ ಮಾಟ್ ಒಬ್ಬರು. ಮುಂದೆ ಅವರು ಜಗತ್ತಿನ ಕ್ರೈಸ್ತ ವಿದ್ಯಾರ್ಥಿ ಚಳವಳಿಯ ದೊಡ್ಡ ನಾಯಕರಾದರು, 1946ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದರು. ಶಿಬಿರ ಮುಗಿದ ಮೇಲೆ ವೈಲ್ಡರ್ ಜೊತೆ ಕಾಲೇಜಿನಿಂದ ಕಾಲೇಜಿಗೆ ತಿರುಗಿ ಹೆಸರು ಬರೆಸಿಕೊಂಡ ಜಾನ್ ಫೋರ್ಮನ್ ಕೂಡ ಭಾರತದ ನಂಟಿನವರೇ. ಅವರ ತಂದೆ ಲಾಹೋರಿನಲ್ಲಿ ಮಿಷನರಿ. ಅಂದರೆ ಅಮೆರಿಕದ ಈ ಚಳವಳಿಯ ಓಡಾಟದ ಕಾಲುಗಳು ನಮ್ಮ ನೆಲದ ಪರಿಚಯ ಇದ್ದ ಕಾಲುಗಳು.

ಹೀಗೆ ಹುಟ್ಟಿದ್ದು ಸ್ಟೂಡೆಂಟ್ ವಾಲಂಟಿಯರ್ ಮೂವ್‌ಮೆಂಟ್. ಈ ತಲೆಮಾರಿನಲ್ಲೇ ಇಡೀ ಲೋಕಕ್ಕೆ ಸುವಾರ್ತೆ ಮುಟ್ಟಿಸಬೇಕು ಅನ್ನೋದು ಅದರ ಘೋಷಣೆ. ಮುಂದಿನ ಕೆಲವು ದಶಕಗಳಲ್ಲಿ ಇದರ ಮೂಲಕ 20 ಸಾವಿರಕ್ಕೂ ಹೆಚ್ಚು ಯುವಕ ಯುವತಿಯರು ಹೊರದೇಶಗಳಿಗೆ ಹೋದರು. ಮೊದಲ ಮಹಾಯುದ್ಧದ ನಂತರ ಹುಡುಗರ ಪ್ರಶ್ನೆಗಳು ಬದಲಾದವು. ಕ್ರೈಸ್ತ ದೇಶಗಳೇ ಪರಸ್ಪರ ಕೊಂದುಕೊಂಡ ಮೇಲೆ ಬೇರೆಯವರಿಗೆ ಬೋಧನೆ ಮಾಡಲು ನಮಗೇನು ಹಕ್ಕು ಅಂತ ಕೇಳತೊಡಗಿದರು. 1920ರ ನಂತರ ಹೆಸರು ಕೊಡುವವರು ಇಳಿಯುತ್ತಾ ಹೋದರು. ಅರ್ಬಾನಾ ಸಮಾವೇಶ ಶುರುವಾಗಿದ್ದು ಆ ಇಳಿತದ ನಂತರ, ಹಳೆಯ ಉರಿಯನ್ನು ಮತ್ತೆ ಹೊತ್ತಿಸುವ ಪ್ರಯತ್ನವಾಗಿ.

ಮಿರಜ್‌ಗೆ ಬಂದ ಡಾಕ್ಟರ್

ಮೌಂಟ್ ಹರ್ಮನ್ ಶಿಬಿರ ಆಗಿ ಮೂರು ವರ್ಷಕ್ಕೆ, 1889ರಲ್ಲಿ, ವಿಲಿಯಂ ವಾನ್ಲೆಸ್ ಅನ್ನೋ ಯುವ ಡಾಕ್ಟರ್ ಸಾಂಗ್ಲಿಗೆ ಬಂದರು. ಹುಟ್ಟಿದ್ದು ಕೆನಡಾದಲ್ಲಿ, ವೈದ್ಯಕೀಯ ಓದಿದ್ದು ನ್ಯೂಯಾರ್ಕ್‌ನಲ್ಲಿ. ಕಳಿಸಿದ್ದು ಅಮೆರಿಕದ ಪ್ರೆಸ್‌ಬಿಟೇರಿಯನ್ ಮಿಷನ್. ರಾಬರ್ಟ್ ವೈಲ್ಡರ್ ಅವರ ತಂದೆ ಕೊಲ್ಲಾಪುರದಲ್ಲಿ ಶುರುಮಾಡಿದ್ದ ಕೆಲಸವನ್ನು ಮುಂದೆ ವಹಿಸಿಕೊಂಡಿದ್ದು ಇದೇ ಮಿಷನ್.

1894ರಲ್ಲಿ ಮಿರಜ್‌ನಲ್ಲಿ ದವಾಖಾನೆ ಕಟ್ಟಡ ಎದ್ದಿತು. ಮೂರು ವರ್ಷದಲ್ಲಿ ಅಲ್ಲೇ ವೈದ್ಯಕೀಯ ತರಬೇತಿ ಶಾಲೆ ಶುರುವಾಯಿತು. ವಾನ್ಲೆಸ್ ಹೆಚ್ಚುಕಡಿಮೆ ನಾಲ್ಕು ದಶಕ ಇಲ್ಲೇ ಕಳೆದರು. 1928ರಲ್ಲಿ ಬ್ರಿಟಿಷ್ ಸರ್ಕಾರ ‘ಸರ್’ ಪದವಿ ಕೊಟ್ಟಿತು. ದವಾಖಾನೆಗೆ ಅವರ ಹೆಸರೇ ಬಂತು, ಸಾಂಗ್ಲಿ ಪಕ್ಕದ ವಾನ್ಲೆಸ್‌ವಾಡಿಗೂ ಅವರದೇ ಹೆಸರು.

ಕಾಗವಾಡದವರಿಗೆ ಅರ್ಧ ತಾಸಿನ ದಾರಿ. ಗಡಿ ರೇಖೆ 1956ರಲ್ಲಿ ಬಂತು, ರೋಗಿಗೆ ಅದು ಯಾವತ್ತೂ ಅಡ್ಡ ಬರಲಿಲ್ಲ. ಕಣ್ಣಿನ ಪೊರೆ, ಹೆರಿಗೆ, ಹೊಟ್ಟೆಯ ಆಪರೇಷನ್ ಅಂತ ನಮ್ಮ ಹಳ್ಳಿಗಳ ಜನ ಚಕ್ಕಡಿ, ರೈಲು, ಆಮೇಲೆ ಬಸ್ಸು ಹತ್ತಿ ಅಲ್ಲಿಗೆ ಹೋದರು. ಅಲ್ಲಿ ಕಲಿತ ಡಾಕ್ಟರು, ನರ್ಸು, ಕಂಪೌಂಡರುಗಳು ಸುತ್ತಲಿನ ಊರುಗಳಲ್ಲಿ ಸ್ವಂತ ದವಾಖಾನೆ ತೆರೆದರು. ಮಿರಜ್ ವೈದ್ಯಕೀಯ ಪೇಟೆಯಾಗಿ ಬೆಳೆಯಲು ಇದೇ ಮುಖ್ಯ ಕಾರಣ. ಔಷಧ ಅಂಗಡಿ, ಲಾಡ್ಜು, ಖಾನಾವಳಿ, ಆಟೋ, ಎಲ್ಲರ ವ್ಯಾಪಾರವೂ ಅದರ ಸುತ್ತ ಬೆಳೆಯಿತು.

ಅಲ್ಲಿ ಮದ್ದಿನ ಜೊತೆ ಪ್ರಾರ್ಥನೆ ಇತ್ತಾ? ಇತ್ತು. ಆ ಕಾಲದ ಮಿಷನ್ ದವಾಖಾನೆಗಳಲ್ಲಿ ಬೈಬಲ್ ಓದು, ಬೋಧನೆ ನಿತ್ಯದ ಕೆಲಸ. ಹಾಗಂತ ಹೋದವರೆಲ್ಲ ಧರ್ಮ ಬಿಟ್ಟು ಬಂದರಾ? ಅಂಕಿ ನೋಡಿ. 2011ರ ಜನಗಣತಿ ಪ್ರಕಾರ ಇಡೀ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ 1.87. ದೇಶದಲ್ಲಿ ನೂರಕ್ಕೆ 2.3. ಬೆಳಗಾವಿ ಜಿಲ್ಲೆಯಲ್ಲಿ ರಾಜ್ಯದ ಸರಾಸರಿಗಿಂತಲೂ ಕಡಿಮೆ. ಮಿರಜ್‌ಗೆ ಹೋಗಿ ಬಂದ ನಮ್ಮ ಹಿರಿಯರು ಗುಳಿಗೆ ತಗೊಂಡರು, ಬೋಧನೆ ಕೇಳಿಸಿಕೊಂಡರು, ಊರಿಗೆ ಬಂದು ಪಂಢರಪುರದ ವಾರಿಗೆ ಹೊರಟರು. ಜನ ತಮ್ಮ ತೀರ್ಮಾನ ತಾವೇ ಮಾಡಬಲ್ಲವರು ಅನ್ನೋದು ಮರೆಯಬಾರದು.

ಈಗ ಜನ ಯಾಕೆ ಕಡಿಮೆ?

ಅರ್ಬಾನಾಕ್ಕೆ ಬರುವವರು ಕಡಿಮೆಯಾಗಲು ಕೋವಿಡ್ ಒಂದೇ ಕಾರಣ ಅಲ್ಲ.

ಮೊದಲನೆಯದು, ಅಮೆರಿಕದಲ್ಲೇ ‘ನನಗೆ ಯಾವ ಧರ್ಮವೂ ಇಲ್ಲ’ ಅನ್ನೋರು ಹೆಚ್ಚಾಗಿದ್ದಾರೆ. ಈಗ ಅಲ್ಲಿನ ವಯಸ್ಕರಲ್ಲಿ ಹತ್ತರಲ್ಲಿ ಮೂವರ ಹತ್ತಿರ ಹತ್ತಿರ ಹಾಗೆ ಹೇಳ್ತಾರೆ. ಹರೆಯದವರಲ್ಲಿ ಇನ್ನೂ ಜಾಸ್ತಿ. ಎರಡನೆಯದು, ಓದಿನ ಸಾಲ. ಪದವಿ ಮುಗಿಸಿದ ಹುಡುಗನ ತಲೆ ಮೇಲೆ ಸಾಲದ ಹೊರೆ ಇದ್ದಾಗ ಪಗಾರ ಇಲ್ಲದ ಕೆಲಸಕ್ಕೆ ಹೋಗೋದು ಸುಲಭ ಅಲ್ಲ.

ಪಗಾರದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಮಿಷನರಿ ಆಗಲು ಹೊರಟವರಿಗೆ ಹೆಡ್ ಆಫೀಸಿನಿಂದ ದೊಡ್ಡ ಸಂಬಳ ಬರುತ್ತದೆ ಅಂತ ನಮ್ಮಲ್ಲಿ ಅನೇಕರ ನಂಬಿಕೆ. ಬಹಳಷ್ಟು ಸಂಸ್ಥೆಗಳಲ್ಲಿ ಹಾಗಿಲ್ಲ. ತಮ್ಮ ಖರ್ಚಿನ ಹಣ ತಾವೇ ಕೂಡಿಸಬೇಕು. ನೆಂಟರು, ಗೆಳೆಯರು, ತಮ್ಮ ಊರಿನ ಚರ್ಚು, ಹೀಗೆ ಮನೆ ಮನೆಗೆ ಹೋಗಿ ತಿಂಗಳಿಗೆ ಇಷ್ಟು ಕೊಡ್ತೀರಾ ಅಂತ ಕೇಳಬೇಕು. ಜಾತ್ರೆಗೆ ಪಟ್ಟಿ ಎತ್ತೋ ಹಾಗೆ. ಪಟ್ಟಿ ತುಂಬೋವರೆಗೆ ಹೊರಡೋಕೆ ಆಗಲ್ಲ.

ಮೂರನೆಯದು, ಹುಡುಗರೇ ಎತ್ತಿರುವ ಪ್ರಶ್ನೆಗಳು. ಮಿಷನ್ ಮತ್ತು ವಸಾಹತುಶಾಹಿ ಕೈಕೈ ಹಿಡಿದು ಹೋಗಲಿಲ್ಲವಾ? ನಮ್ಮ ದೇಶದಲ್ಲೇ ಕಪ್ಪು ಜನರಿಗೆ ನ್ಯಾಯ ಸಿಗದಿದ್ದಾಗ ಬೇರೆ ದೇಶಕ್ಕೆ ಏನು ಹೇಳೋದು? 1970ರ ಸಮಾವೇಶದಲ್ಲೇ ಟಾಮ್ ಸ್ಕಿನ್ನರ್ ಅನ್ನೋ ಕಪ್ಪು ಬೋಧಕರು ಈ ಮಾತನ್ನು ನೇರವಾಗಿ ಎತ್ತಿದ್ದರು. 2015ರಲ್ಲಿ ಅದೇ ವಿಷಯ ಮತ್ತೆ ವೇದಿಕೆಗೆ ಬಂದು ಅಮೆರಿಕದ ಚರ್ಚುಗಳಲ್ಲಿ ದೊಡ್ಡ ಚರ್ಚೆ ಆಯಿತು.

ನಾಲ್ಕನೆಯದು ಬಹಳ ಮುಖ್ಯ. ಕಳಿಸುವ ದೇಶಗಳೇ ಬದಲಾಗಿವೆ. ದಕ್ಷಿಣ ಕೊರಿಯಾ ಒಂದರಿಂದಲೇ 20 ಸಾವಿರದಷ್ಟು ಮಿಷನರಿಗಳು ಹೊರದೇಶಗಳಲ್ಲಿದ್ದಾರೆ. ನೈಜೀರಿಯಾ, ಬ್ರೆಜಿಲ್ ಕೂಡ ಕಳಿಸುತ್ತವೆ. ಭಾರತದಲ್ಲಂತೂ ಇದು ಹೊಸದೇ ಅಲ್ಲ. 1903ರಲ್ಲಿ ತಿರುನೆಲ್ವೇಲಿಯಲ್ಲಿ ಇಂಡಿಯನ್ ಮಿಷನರಿ ಸೊಸೈಟಿ, 1905ರ ಡಿಸೆಂಬರ್ 25ರಂದು ಸೆರಾಂಪುರದಲ್ಲಿ ನ್ಯಾಷನಲ್ ಮಿಷನರಿ ಸೊಸೈಟಿ ಹುಟ್ಟಿದವು. ಎರಡರ ಹಿಂದೆಯೂ ಇದ್ದವರು ವಿ. ಎಸ್. ಅಜರಯ್ಯ. ಭಾರತೀಯರ ಹಣ, ಭಾರತೀಯರದೇ ಆಡಳಿತ ಅನ್ನೋದು ಅವರ ಹಟ. 1910ರಲ್ಲಿ ಎಡಿನ್‌ಬರೋದ ಜಾಗತಿಕ ಮಿಷನ್ ಸಮ್ಮೇಳನದಲ್ಲಿ ನಿಂತು, ನೀವು ದೊಡ್ಡ ತ್ಯಾಗ ಮಾಡಿದ್ದೀರಿ, ಆದರೆ ನಮ್ಮನ್ನು ಸರಿಸಮ ಸ್ನೇಹಿತರಾಗಿ ಕಾಣಲಿಲ್ಲ ಅನ್ನೋ ಅರ್ಥದ ಮಾತು ಹೇಳಿ ಸಭೆಯನ್ನೇ ಬೆಚ್ಚಿಬೀಳಿಸಿದ್ದರು. ಅಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿದ್ದವರು ಮೌಂಟ್ ಹರ್ಮನ್‌ನ ನೂರು ಜನರಲ್ಲಿ ಒಬ್ಬರಾದ ಅದೇ ಜಾನ್ ಮಾಟ್.

ಎರಡು ಸಾವು, ಎರಡು ದಾರಿ

ಉತ್ಸಾಹ ಒಂದೇ ಇದ್ದರೆ ಏನಾಗುತ್ತದೆ ಅನ್ನೋದಕ್ಕೆ 2018ರ ನವೆಂಬರ್ ಘಟನೆ ನೆನಪಿರಬಹುದು. ಜಾನ್ ಅಲೆನ್ ಚಾವ್ ಅನ್ನೋ 26 ವರ್ಷದ ಅಮೆರಿಕನ್ ಯುವಕ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಹೋದ. ಹೊರಗಿನವರು ಕಾಲಿಡಬಾರದು ಅಂತ ಕಾನೂನು ಇರುವ ಜಾಗ. ಮೀನುಗಾರರಿಗೆ ಹಣ ಕೊಟ್ಟು ದೋಣಿಯಲ್ಲಿ ಹೋಗಿ ದಡ ಹತ್ತಿದ. ಅಲ್ಲಿನ ಜನ ಕೊಂದರು. ಕರೆದೊಯ್ದ ಮೀನುಗಾರರು ಜೈಲು ಕಂಡರು. ಹೊರಗಿನವರ ಒಂದು ನೆಗಡಿಯೂ ಆ ಬುಡಕಟ್ಟನ್ನೇ ಅಳಿಸಬಹುದಿತ್ತು. ಆಗ ಮಿಷನ್ ವಲಯದ ಒಳಗಿನಿಂದಲೇ ಅನೇಕರು ಅದನ್ನು ಟೀಕಿಸಿದರು.

ಇದರ ಪಕ್ಕದಲ್ಲಿ ಗ್ರಹಾಂ ಸ್ಟೇನ್ಸ್ ಅವರನ್ನು ಇಟ್ಟು ನೋಡಿ. ಆಸ್ಟ್ರೇಲಿಯಾದವರು. 1965ರಲ್ಲಿ ಒಡಿಶಾಕ್ಕೆ ಬಂದು ಬಾರಿಪದಾದಲ್ಲಿ ಕುಷ್ಠರೋಗಿಗಳ ನಡುವೆ ಇದ್ದರು. ಅಲ್ಲಿನ ಭಾಷೆ ಕಲಿತರು, ಅಲ್ಲೇ ಸಂಸಾರ ಮಾಡಿದರು. 1999ರ ಜನವರಿಯಲ್ಲಿ ಮನೋಹರಪುರ ಎಂಬ ಹಳ್ಳಿಯಲ್ಲಿ ಜೀಪಿನೊಳಗೆ ಮಲಗಿದ್ದಾಗ, 10 ಮತ್ತು 6 ವರ್ಷದ ಇಬ್ಬರು ಗಂಡುಮಕ್ಕಳ ಸಮೇತ ಅವರನ್ನು ಸುಟ್ಟುಹಾಕಲಾಯಿತು. ಮತಾಂತರ ಮಾಡ್ತಿದ್ದಾರೆ ಅನ್ನೋದು ಕೊಂದವರ ಆರೋಪ. ದಾರಾ ಸಿಂಗ್‌ಗೆ ಜೀವಾವಧಿ ಶಿಕ್ಷೆ ಆಯಿತು. ಪತ್ನಿ ಗ್ಲಾಡಿಸ್ ಕ್ಷಮಿಸಿದ್ದೇನೆ ಅಂತ ಹೇಳಿ, 2004ರವರೆಗೆ ಇಲ್ಲೇ ಇದ್ದು ಕೆಲಸ ಮುಂದುವರಿಸಿದರು. 2005ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು.

ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ‘ಎಲ್ಲ ಮಿಷನರಿಗಳೂ ಒಂದೇ’ ಅನ್ನೋದು ಸರಿಯಲ್ಲ. ಅಂಗಡಿ ನಡೆಸೋರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ಬೆಳಿಗ್ಗೆ ಬಸ್ಸಿಗೆ ಬಂದು ಸ್ಯಾಂಪಲ್ ತೋರಿಸಿ ಸಂಜೆ ಬಸ್ಸಿಗೆ ಹೋಗೋ ಸೇಲ್ಸ್‌ಮನ್ ಬೇರೆ. ಅದೇ ಓಣಿಯಲ್ಲಿ ಮೂವತ್ತು ವರ್ಷ ಗಾಳೆ ತೆರೆದು, ಉದ್ರಿ ಕೊಟ್ಟು, ಊರಿನ ಸುಖದುಃಖಕ್ಕೆ ಆದವರು ಬೇರೆ. ಅರ್ಬಾನಾದ ಮಳಿಗೆಗಳಲ್ಲಿ ‘ಎಷ್ಟು ದಿನ ಬರ್ತೀಯ’ ಅಂತ ಕೇಳೋ ಪ್ರಶ್ನೆಯ ತೂಕ ಇಷ್ಟಿದೆ. ಎರಡು ವಾರಕ್ಕೆ ಬಂದು ಶಾಲೆಯ ಗೋಡೆಗೆ ಬಣ್ಣ ಬಳಿದು ಫೋಟೋ ತೆಗೆದುಕೊಂಡು ಹೋಗೋ ಪ್ರವಾಸಗಳ ಬಗ್ಗೆ ಅಮೆರಿಕದ ಕ್ರೈಸ್ತರಲ್ಲೇ ಈಗ ಬೇಸರ ಇದೆ. ಆ ವಿಮಾನ ಟಿಕೆಟ್ಟಿನ ದುಡ್ಡಲ್ಲಿ ಅಲ್ಲಿನವರೇ ಹತ್ತು ಗೋಡೆಗೆ ಬಣ್ಣ ಬಳಿಯಬಹುದಿತ್ತು ಅಂತ ಅವರೇ ಬರೆಯುತ್ತಾರೆ.

ನಮ್ಮ ಕಾನೂನು ಏನು ಹೇಳುತ್ತದೆ?

ವಾಟ್ಸಾಪ್ ಸಂದೇಶ ನಂಬುವ ಮೊದಲು ನಾಲ್ಕು ವಿಷಯ ಗೊತ್ತಿರಬೇಕು.

ಒಂದು, ವೀಸಾ. ಪ್ರವಾಸಿ ವೀಸಾದಲ್ಲಿ ಬಂದ ವಿದೇಶಿಯರು ಭಾರತದಲ್ಲಿ ಧರ್ಮಪ್ರಚಾರ ಮಾಡುವಂತಿಲ್ಲ. ಇದು ಎಲ್ಲ ಧರ್ಮಕ್ಕೂ ಅನ್ವಯ. ಭಾರತ ಮೂಲದ ಓಸಿಐ ಕಾರ್ಡ್ ಇರೋರಿಗೂ ಮಿಷನರಿ ಅಥವಾ ತಬ್ಲೀಗ್ ಕೆಲಸಕ್ಕೆ ವಿಶೇಷ ಅನುಮತಿ ಬೇಕು ಅಂತ 2021ರ ಅಧಿಸೂಚನೆ ಹೇಳುತ್ತದೆ. ಅರ್ಬಾನಾದಲ್ಲಿ ಕಾರ್ಡ್ ಬರೆದುಕೊಟ್ಟ ಹುಡುಗ ನೇರವಾಗಿ ಅಥಣಿ ಬಸ್ ಸ್ಟ್ಯಾಂಡಿಗೆ ಬಂದು ಇಳಿಯೋ ಕಾಲ ಇದಲ್ಲ.

ಎರಡು, ಹಣ. ವಿದೇಶಿ ದೇಣಿಗೆ ಪಡೆಯಲು ಎಫ್‌ಸಿಆರ್‌ಎ ಕಾಯ್ದೆಯಡಿ ಸಂಸ್ಥೆ ನೋಂದಣಿ ಆಗಿರಬೇಕು. 2020ರ ತಿದ್ದುಪಡಿ ನಂತರ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತ ಖರ್ಚು ನೂರಕ್ಕೆ 20 ಮೀರುವಂತಿಲ್ಲ, ಮೊದಲು 50 ಇತ್ತು. ಇದಕ್ಕೂ ಮೊದಲೇ, 2017ರ ಮಾರ್ಚ್‌ನಲ್ಲಿ, ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ನೆರವು ಕೊಡುತ್ತಿದ್ದ ಕಂಪ್ಯಾಶನ್ ಇಂಟರ್‌ನ್ಯಾಷನಲ್ ಸಂಸ್ಥೆ ಅನುಮತಿ ಸಿಗದೆ ಭಾರತದ ಕೆಲಸ ನಿಲ್ಲಿಸಿತು. ನಿಯಮ ಬಿಗಿಯಾಗಿದ್ದರಿಂದ ದುರುಪಯೋಗಕ್ಕೆ ತಡೆ ಬಿದ್ದಿರಬಹುದು. ಜೊತೆಗೆ ಮಕ್ಕಳ ಊಟ, ಫೀಸು ನಿಂತದ್ದೂ ನಿಜ.

ಮೂರು, ಸಂವಿಧಾನ. 25ನೇ ವಿಧಿ ಧರ್ಮವನ್ನು ಪಾಲಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಪ್ರಚಾರದ ಹಕ್ಕು ಅಂದರೆ ತನ್ನ ಧರ್ಮದ ತತ್ವವನ್ನು ತಿಳಿಸಿಹೇಳುವ ಹಕ್ಕು, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ 1977ರಲ್ಲಿ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಾಲ್ಕು, ನಮ್ಮ ರಾಜ್ಯದ ಕಾಯ್ದೆ. 2021ರ ಡಿಸೆಂಬರ್‌ನಲ್ಲಿ ನಮ್ಮ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲೇ ವಿಧಾನಸಭೆ ಮತಾಂತರ ತಡೆ ಮಸೂದೆಗೆ ಒಪ್ಪಿಗೆ ಕೊಟ್ಟಿತು. 2022ರಲ್ಲಿ ಕಾಯ್ದೆ ಆಯಿತು. ಬಲವಂತ, ಆಮಿಷ, ವಂಚನೆಯಿಂದ ಮತಾಂತರ ಮಾಡಿದರೆ 3ರಿಂದ 5 ವರ್ಷ ಜೈಲು, 25 ಸಾವಿರ ರೂಪಾಯಿ ದಂಡ. ಮಹಿಳೆ, ಅಪ್ರಾಪ್ತರು, ಪರಿಶಿಷ್ಟ ಜಾತಿ–ಪಂಗಡದವರ ವಿಷಯದಲ್ಲಿ 10 ವರ್ಷದವರೆಗೆ. ಧರ್ಮ ಬದಲಿಸಬೇಕೆನ್ನುವವರು 30 ದಿನ ಮೊದಲೇ ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನೋ ನಿಯಮವೂ ಸೇರಿತು. ಸರ್ಕಾರ ಬದಲಾದ ಮೇಲೆ, 2023ರ ಜೂನ್‌ನಲ್ಲಿ, ಇದನ್ನು ರದ್ದು ಮಾಡಲು ಸಚಿವ ಸಂಪುಟ ತೀರ್ಮಾನ ಮಾಡಿತು.

ಕಾಯ್ದೆ ಬೇಕು ಅನ್ನೋರಿಗೆ ಅವರ ವಾದ ಇದೆ: ಬಡವರ ಕಷ್ಟವನ್ನು ಬಂಡವಾಳ ಮಾಡಿಕೊಳ್ಳಬಾರದು. ಬೇಡ ಅನ್ನೋರಿಗೂ ಇದೆ: ನನ್ನ ದೇವರನ್ನು ಬದಲಿಸಲು ಸರ್ಕಾರಿ ಅರ್ಜಿ ಯಾಕೆ? ಎರಡನ್ನೂ ಚಾವಡಿಯಲ್ಲಿ ಕೂತು ಮಾತಾಡಬಹುದು. ಆದರೆ ತಪ್ಪು ನಡೆದಿದ್ದರೆ ದೂರು ಕೊಡೋಕೆ ಪೊಲೀಸ್ ಠಾಣೆ ಇದೆ, ತೀರ್ಪು ಕೊಡೋಕೆ ಕೋರ್ಟ್ ಇದೆ. ಭಾನುವಾರ ಪ್ರಾರ್ಥನೆ ನಡೆಯೋ ಮನೆಗೆ ನುಗ್ಗೋ ಅಧಿಕಾರ ಯಾವ ಕಾಯ್ದೆಯೂ ಯಾವ ಗುಂಪಿಗೂ ಕೊಟ್ಟಿಲ್ಲ.

ನಮಗೆ ಉಳಿಯುವ ಪ್ರಶ್ನೆ

ಇಷ್ಟೆಲ್ಲ ನೋಡಿದ ಮೇಲೆ ಒಂದು ವಿಷಯ ಎದ್ದು ಕಾಣುತ್ತದೆ. ಹೊರಗಿನಿಂದ ಡಾಕ್ಟರುಗಳು ಬಂದು ನಮ್ಮ ಗಡಿಯಲ್ಲಿ ನಲವತ್ತು ವರ್ಷ ಕೂರುವ ಕಾಲ ಮುಗಿದಿದೆ. ಕಳಿಸುವವರ ಉತ್ಸಾಹವೂ ಇಳಿದಿದೆ, ನಮ್ಮ ಬಾಗಿಲೂ ಹೆಚ್ಚುಕಡಿಮೆ ಮುಚ್ಚಿದೆ. ಅದು ಸರಿಯೋ ತಪ್ಪೋ ಅನ್ನೋ ವಾದ ಇರಲಿ. ಆ ಜಾಗಕ್ಕೆ ಯಾರು ಬರಬೇಕು?

ಮಿರಜ್‌ನಲ್ಲಿ ಮಿಷನ್ ದವಾಖಾನೆಗೆ ಈಗ ಮೊದಲಿದ್ದ ಮೇಲುಗೈ ಇಲ್ಲ. ಅದರ ಸುತ್ತ ಬೆಳೆದ ಖಾಸಗಿ ಆಸ್ಪತ್ರೆಗಳು ಮುಂದಿವೆ. ಚಿಕಿತ್ಸೆ ಸಿಗುತ್ತದೆ, ಬಿಲ್ಲೂ ಬರುತ್ತದೆ. ನಮ್ಮ ತಾಲ್ಲೂಕುಗಳಲ್ಲಿ ತಜ್ಞ ವೈದ್ಯರು ಹಳ್ಳಿಗೆ ಬಂದು ನಿಲ್ಲೋದೇ ಕಷ್ಟ. ಕರ್ನಾಟಕದಲ್ಲಿ ವೈದ್ಯಕೀಯ ಓದಿದವರು ಒಂದು ವರ್ಷ ಕಡ್ಡಾಯ ಸೇವೆ ಮಾಡಬೇಕು ಅಂತ 2012ರ ಕಾಯ್ದೆ ತಂದರು. ಅದರ ವಿರುದ್ಧ ವಿದ್ಯಾರ್ಥಿಗಳು ಕೋರ್ಟಿಗೆ ಹೋದದ್ದೂ ಆಯಿತು. ಕಾಯ್ದೆಯಿಂದ ಒಂದು ವರ್ಷ ಕೂರಿಸಬಹುದು. ಆಮೇಲೆ ಊರಲ್ಲಿ ಉಳಿಯೋದು ಅವರ ಮನಸ್ಸಿಗೆ ಬಿಟ್ಟಿದ್ದು.

ಅಂಥ ಮನಸ್ಸು ತಾನಾಗಿ ಬರೋದಿಲ್ಲ. ಅರ್ಬಾನಾದಿಂದ ನಾವು ನೋಡಿ ಕಲಿಯಬಹುದಾದದ್ದು ಇದಿಷ್ಟೇ. ಇಪ್ಪತ್ತರ ಹುಡುಗ ಹುಡುಗಿಯರನ್ನು ಕೂರಿಸಿ, ‘ನಿನ್ನ ಓದು ಯಾರಿಗೆ, ನೀನು ಎಲ್ಲಿ ಹೋಗಿ ಎಷ್ಟು ವರ್ಷ ಇರ್ತೀಯ’ ಅಂತ ನೇರವಾಗಿ ಕೇಳ್ತಾರೆ. ಅವರು ಧರ್ಮದ ಹೆಸರಲ್ಲಿ ಕೇಳ್ತಾರೆ. ನಾವು ನಮ್ಮ ಊರಿನ ಹೆಸರಲ್ಲಾದರೂ ಕೇಳಬೇಕಲ್ಲ. ನಮ್ಮ ಕಾಲೇಜುಗಳಲ್ಲಿ ಬೆಂಗಳೂರು, ಪುಣೆ ಕಂಪನಿಗಳ ಉದ್ಯೋಗ ಮೇಳ ನಡೆಯುತ್ತವೆ. ತಾಲ್ಲೂಕು ಆಸ್ಪತ್ರೆ, ಸರ್ಕಾರಿ ಶಾಲೆ, ಮಠದ ವಸತಿ ನಿಲಯ, ಸಹಕಾರಿ ಸಂಘಗಳು ಮಳಿಗೆ ಹಾಕಿ ‘ಬರ್ರಿ, ನಮಗೆ ಐದು ವರ್ಷ ಕೊಡ್ರಿ’ ಅಂತ ಹುಡುಗರನ್ನು ಕೇಳಿದ್ದು ಕಂಡಿದ್ದೀರಾ? ಊರಿನ ವ್ಯಾಪಾರಸ್ಥರ ಸಂಘ ಮನಸ್ಸು ಮಾಡಿದರೆ ಇದು ಆಗದ ಕೆಲಸ ಅಲ್ಲ. ಹಾಗೆ ಬರುವ ಡಾಕ್ಟರಿಗೆ ಒಂದು ಬಾಡಿಗೆ ಮನೆ, ಮಕ್ಕಳಿಗೆ ಶಾಲೆ, ಎಂಟು ದಿನದ ಸಂತೆಯಲ್ಲಿ ಒಂದು ಮರ್ಯಾದೆಯ ಮಾತು ಸಿಕ್ಕರೆ ಉಳಿಯುವವರು ಇದ್ದಾರೆ.

ಇನ್ನು ಮುಂದೆ ‘ವಿದೇಶಿ ದಂಡು’ ಅನ್ನೋ ಸಂದೇಶ ಫೋನಿಗೆ ಬಂದಾಗ ಮುಂದಕ್ಕೆ ಕಳಿಸೋ ಮೊದಲು ಮೂರು ಪ್ರಶ್ನೆ ಕೇಳಿ. ಯಾವ ಊರು, ಯಾವ ದಿನ? ಠಾಣೆಯಲ್ಲಿ ದೂರು ಇದೆಯಾ? ಆರೋಪ ಹೊತ್ತವರು ಯಾರು, ಅವರು ಏನು ಹೇಳ್ತಾರೆ? ಮೂರಕ್ಕೂ ಉತ್ತರ ಇಲ್ಲದಿದ್ದರೆ ಅದು ಸುದ್ದಿ ಅಲ್ಲ. ಅಂಥ ಸಂದೇಶದಿಂದ ಗಲಾಟೆ ಆದರೆ ಮೊದಲು ಶಟರ್ ಎಳೆಯಬೇಕಾದವರು ಪೇಟೆಯ ನಾವೇ. ಪೆಟ್ಟು ತಿಂದವರನ್ನು ಕರ್ಕೊಂಡು ಹೋಗಬೇಕಾದದ್ದು ಮತ್ತೆ ಮಿರಜ್‌ಗೇ.